ಏಟು ತಿಂದವನ ಮುಖವನ್ನೂ ನೋಡಿ: ಸೆನ್ಸಾರ್ ಮಂಡಳಿಗೆ ಒಂದು ಬಹಿರಂಗ ಪತ್ರ

ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಅಧ್ಯಕ್ಷರಿಗೆ, ಸದಸ್ಯರಿಗೆ ಹಾಗೂ ಬೆಂಗಳೂರು ಪ್ರಾದೇಶಿಕ ಕಚೇರಿಯ ಸಲಹಾ ಸಮಿತಿಯವರಿಗೆ,

ಮಾನ್ಯರೇ,

ಸೇಡಿನ ಕಥೆಯುಳ್ಳ ಹೊಡೆದಾಟದ ಚಿತ್ರಗಳನ್ನು ನಿಷೇಧಿಸಬೇಕೆಂದು ಕೇಳುವ ಪತ್ರಗಳು ತಮಗೆ ಹೊಸದಲ್ಲ. ಇದು ಆ ಸಾಲಿಗೆ ಸೇರುವ ಪತ್ರವಲ್ಲ. ನಾನು ಅಂಥ ಚಿತ್ರಗಳನ್ನು ದುಡ್ಡು ಕೊಟ್ಟು, ಆದಷ್ಟೂ ಬಿಡುಗಡೆಯಾದ ವಾರದಲ್ಲೇ, ದೊಡ್ಡ ತೆರೆಯ ಮೇಲೆ ನೋಡುವವನು. ಒಂದು ಒಳ್ಳೆಯ ಫೈಟನ್ನು ಹೇಗೆ ಕಟ್ಟಿದ್ದಾರೆ ಎಂದು ಗೆಳೆಯರೊಡನೆ ಗಂಟೆಗಟ್ಟಲೆ ಹರಟುವವನು. ನನ್ನ ತಕರಾರು ತಾವು ಈ ಚಿತ್ರಗಳನ್ನು ಅಳೆಯುವ ರೀತಿಯ ಬಗ್ಗೆ. ತೆರೆಯ ಮೇಲೆ ಎಷ್ಟು ರಕ್ತ ಹರಿಯಿತು ಎಂಬುದನ್ನು ಮಂಡಳಿ ಬಹಳ ಎಚ್ಚರದಿಂದ ನೋಡುತ್ತದೆ. ಏಟು ಬಿದ್ದವನಿಗೆ ಏನಾಯಿತು, ಅವನ ಸಾವು ಚಿತ್ರದೊಳಗೆ ಯಾರಿಗಾದರೂ ತಟ್ಟಿತೇ ಎಂಬುದನ್ನು ಅಷ್ಟೇ ಎಚ್ಚರದಿಂದ ನೋಡುತ್ತಿದೆ ಎಂದು ಹೊರಗಿನಿಂದ ನೋಡುವ ನಮಗೆ ಅನ್ನಿಸುವುದಿಲ್ಲ. ಹೀಗಾಗಿ ಹಿಂಸೆಯ ನೋವನ್ನು ತೋರಿಸಿದ ಚಿತ್ರಕ್ಕೆ ದೊಡ್ಡವರಿಗೆ ಮಾತ್ರ ಎಂಬ ‘ಎ’ ಮುದ್ರೆ ಬೀಳುತ್ತದೆ, ನೋವನ್ನು ಒರೆಸಿಹಾಕಿ ಹೊಡೆದಾಟವನ್ನು ಜಾತ್ರೆ ಮಾಡಿದ ಚಿತ್ರ ಮನೆಮಂದಿಯೆಲ್ಲ ನೋಡುವ ಚಿತ್ರವಾಗಿಬಿಡುತ್ತದೆ.

ಉದಾಹರಣೆಯಾಗಿ 2024ರ ಜುಲೈ 5ರಂದು ಬಿಡುಗಡೆಯಾದ, ನಿಖಿಲ್ ನಾಗೇಶ್ ಭಟ್ ನಿರ್ದೇಶನದ ‘ಕಿಲ್’ ಎಂಬ ಹಿಂದಿ ಚಿತ್ರವನ್ನು ತೆಗೆದುಕೊಳ್ಳುತ್ತೇನೆ. ಮಂಡಳಿ ಅದಕ್ಕೆ ‘ಎ’ ಪ್ರಮಾಣಪತ್ರ ಕೊಟ್ಟಿತು, ಸರಿಯಾಗಿಯೇ ಕೊಟ್ಟಿತು. ಕಥೆ ಎರಡು ಸಾಲಿನಲ್ಲಿ ಮುಗಿಯುತ್ತದೆ. ರಾಂಚಿಯಿಂದ ದೆಹಲಿಗೆ ಹೊರಟ ರೈಲಿಗೆ ದರೋಡೆಕೋರರ ಗುಂಪೊಂದು ನುಗ್ಗುತ್ತದೆ. ಅದೇ ರೈಲಿನಲ್ಲಿರುವ ಕಮಾಂಡೊ ಅಮೃತ್ ಮತ್ತು ಅವನ ಗೆಳೆಯ ಅವರನ್ನು ಎದುರಿಸುತ್ತಾರೆ. ಅಮೃತ್ ಪ್ರೀತಿಸಿದ ತೂಲಿಕಾ ಆ ಗುಂಪಿನ ಫಣಿಯ ಕೈಯಲ್ಲಿ ಸಾಯುತ್ತಾಳೆ. ಅಲ್ಲಿಂದ ಮುಂದೆ ಸೇಡು. ಚಿತ್ರದ ಹೆಸರು ತೆರೆಯ ಮೇಲೆ ಮೂಡುವುದೇ ಆ ಸಾವಿನ ನಂತರ, ಸುಮಾರು ಮುಕ್ಕಾಲು ಗಂಟೆ ಕಳೆದ ಮೇಲೆ. ಅಲ್ಲಿಯವರೆಗೆ ಬಹುಮಟ್ಟಿಗೆ ಎದುರಾಳಿಗಳನ್ನು ಕೆಡವಿ ಸುಮ್ಮನಾಗುತ್ತಿದ್ದ ನಾಯಕ ಆ ಹೆಸರು ಕಾಣಿಸಿಕೊಂಡ ಕ್ಷಣದಿಂದ ಕೊಲ್ಲುವುದಕ್ಕೆಂದೇ ಹೊಡೆಯಲು ಶುರುಮಾಡುತ್ತಾನೆ. ಹೊಡೆದಾಟದ ವ್ಯಾಕರಣವೇ ಅಲ್ಲಿ ಬದಲಾಗುತ್ತದೆ.

ಈ ಚಿತ್ರದ ಫೈಟುಗಳನ್ನು ಕೊರಿಯಾದ ಸೆ-ಯೋಂಗ್ ಓ ಮತ್ತು ನಮ್ಮವರೇ ಆದ ಪರ್ವೇಜ್ ಶೇಖ್ ಸಂಯೋಜಿಸಿದ್ದಾರೆ. ರೈಲಿನ ಬೋಗಿಯ ನಡುದಾರಿಯಲ್ಲಿ ಇಬ್ಬರು ಎದುರುಬದುರು ನಿಂತರೆ ಮೂರನೆಯವನಿಗೆ ಜಾಗವಿಲ್ಲ. ಕೈ ಬೀಸಿದರೆ ಬರ್ತಿನ ಅಂಚಿಗೆ ತಗಲುತ್ತದೆ; ಹಿಂದೆ ಸರಿದರೆ ಬೆನ್ನಿಗೆ ಬಾಗಿಲು. ಹೀಗಾಗಿ ನಮ್ಮ ಚಿತ್ರಗಳಲ್ಲಿ ವಾಡಿಕೆಯಾಗಿರುವ, ಒಂದೇಟಿಗೆ ಹತ್ತು ಮಂದಿ ಗಾಳಿಯಲ್ಲಿ ತೇಲಿಹೋಗುವ ಚಮತ್ಕಾರಕ್ಕೆ ಇಲ್ಲಿ ಅವಕಾಶವೇ ಇಲ್ಲ. ಎಲ್ಲವೂ ಉಸಿರು ತಾಗುವಷ್ಟು ಹತ್ತಿರದಲ್ಲಿ, ಕೈಗೆ ಸಿಕ್ಕ ಸಾಮಾನಿನಲ್ಲಿ ನಡೆಯುತ್ತದೆ. ಬೆಂಕಿ ನಂದಿಸುವ ಸಿಲಿಂಡರ್ ಒಬ್ಬನ ಮುಖದ ಮೇಲೆ ಬೀಳುವುದನ್ನು ನೋಡಿದವರು ಅದನ್ನು ಬೇಗ ಮರೆಯಲಾರರು. ಶೈಲೀಕರಣ ಇಲ್ಲಿಯೂ ಇದೆ: ಬೆಳಕು, ಕೋನ, ಸದ್ದು ಯಾವುದೂ ಸಹಜವಲ್ಲ, ನೋಡುವ ಸುಖಕ್ಕೆಂದೇ ಕೂಡಿಸಿದ್ದು. ಆದರೆ ಆ ಶೈಲಿ ಏಟಿನ ಭಾರವನ್ನು ಹಗುರ ಮಾಡುವುದಿಲ್ಲ.

ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು. ಈ ದರೋಡೆಕೋರರು ಬಾಡಿಗೆ ಗೂಂಡಾಗಳಲ್ಲ, ಒಂದೇ ಬಳಗದವರು. ಅಪ್ಪ, ಮಗ, ಚಿಕ್ಕಪ್ಪ, ಅಣ್ಣತಮ್ಮಂದಿರು. ನಾಯಕ ಒಬ್ಬನನ್ನು ಕೊಂದಾಗ ಇನ್ನೊಬ್ಬ ಹೆಣದ ಪಕ್ಕ ಕುಸಿದು ಕೂತು ಅಳುತ್ತಾನೆ. ಮುಂದೊಂದು ಹಂತದಲ್ಲಿ ಬೋಗಿಯೊಳಕ್ಕೆ ಕಾಲಿಟ್ಟವರಿಗೆ ತಮ್ಮವರ ಹೆಣಗಳು ಸಾಲಾಗಿ ತೂಗುಬಿದ್ದಿರುವುದು ಕಾಣುತ್ತದೆ. ನಾಯಕನೇ ಅವುಗಳನ್ನು ಹಾಗೆ ತೂಗುಹಾಕಿದ್ದಾನೆ. ಆ ಹೊತ್ತಿನಲ್ಲಿ ಚಿತ್ರಮಂದಿರದ ವಿಸಿಲ್ ನಿಂತುಹೋಗುತ್ತದೆ, ಅಥವಾ ಹೊಡೆಯುವವನು ಒಮ್ಮೆ ಯೋಚಿಸಿ ಹೊಡೆಯುತ್ತಾನೆ. ಸೇಡು ಯಾರದು, ಇಲ್ಲಿ ರಾಕ್ಷಸ ಯಾರು ಎಂಬ ಪ್ರಶ್ನೆಯನ್ನು ಯಾವ ಭಾಷಣವೂ ಇಲ್ಲದೆ ಫೈಟೇ ಎತ್ತುತ್ತದೆ.

ಇನ್ನು ನಮ್ಮದೇ ಚಿತ್ರಕ್ಕೆ ಬರುತ್ತೇನೆ. 2022ರ ಏಪ್ರಿಲ್ 14ರಂದು ತೆರೆಕಂಡ ‘ಕೆಜಿಎಫ್ ಚಾಪ್ಟರ್ 2’ಕ್ಕೆ ದೊರೆತದ್ದು ‘ಯು/ಎ’. ಆಗಿನ ನಿಯಮದ ಪ್ರಕಾರ ಅದರ ಅರ್ಥ, ಹನ್ನೆರಡು ವರ್ಷದೊಳಗಿನ ಮಕ್ಕಳು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದು ಎಂದು. ಅದರಲ್ಲಿ ನಾಯಕ ‘ದೊಡ್ಡಮ್ಮ’ ಎಂಬ ಹೆಸರಿನ ಮೆಷಿನ್ ಗನ್ ಹಿಡಿದು ಪೊಲೀಸ್ ಠಾಣೆಯ ಮೇಲೆ ಗುಂಡಿನ ಮಳೆಗರೆದು, ಕೊನೆಗೆ ಕಾದು ಕೆಂಪಾದ ನಳಿಗೆಯಿಂದ ಸಿಗರೇಟು ಹೊತ್ತಿಸಿಕೊಳ್ಳುವ ದೃಶ್ಯ ಯಾರಿಗೆ ನೆನಪಿಲ್ಲ? ಅದ್ಭುತವಾಗಿ ಚಿತ್ರಿಸಿದ ದೃಶ್ಯ. ಆ ಹೊತ್ತು ಚಿತ್ರಮಂದಿರದಲ್ಲಿ ಕೂಗಿದವರಲ್ಲಿ ನಾನೂ ಒಬ್ಬ. ತಂಬಾಕು ನಿಯಂತ್ರಣದ ನಿಯಮದಂತೆ, ಸಿಗರೇಟು ಕಾಣಿಸಿಕೊಂಡಷ್ಟು ಹೊತ್ತು ತೆರೆಯ ಕೆಳಗೆ ಆರೋಗ್ಯದ ಎಚ್ಚರಿಕೆಯ ಸಾಲೊಂದು ಇರಲೇಬೇಕು. ಸಾವಿರ ಗುಂಡು ಹಾರಿಸಿದ ಬಂದೂಕಿನ ಬಗ್ಗೆ ಎಳೆಯ ಪ್ರೇಕ್ಷಕನಿಗೆ ಹೇಳುವುದು ಏನೂ ಇಲ್ಲ, ಅದರ ತುದಿಯಲ್ಲಿ ಹೊತ್ತಿಕೊಂಡ ಸಿಗರೇಟಿನ ಬಗ್ಗೆ ಮಾತ್ರ ಕಾಳಜಿ ಎಂದಾಯಿತು. ಈ ನಿಯಮ ತಮ್ಮದಲ್ಲ, ಆರೋಗ್ಯ ಇಲಾಖೆಯದು ಎಂಬುದು ಗೊತ್ತು. ಆದರೂ ನಮ್ಮ ವ್ಯವಸ್ಥೆಗೆ ಯಾವುದು ಅಪಾಯವಾಗಿ ಕಾಣುತ್ತದೆ ಎಂಬುದನ್ನು ಆ ಒಂದು ಚೌಕಟ್ಟು ಹೇಳಿಬಿಡುತ್ತದೆ.

ಅದೇ ನಿರ್ದೇಶಕ ಪ್ರಶಾಂತ್ ನೀಲ್, ಅದೇ ಸಾಹಸ ನಿರ್ದೇಶಕ ಜೋಡಿ ಅನ್ಬರಿವ್ ಕೂಡಿ ಮಾಡಿದ ‘ಸಲಾರ್’ 2023ರ ಡಿಸೆಂಬರ್‌ನಲ್ಲಿ ‘ಎ’ ಪಡೆಯಿತು. ಎರಡರ ನಡುವಿನ ವ್ಯತ್ಯಾಸವೇನು? ಎರಡರಲ್ಲೂ ಒಬ್ಬ ಮನುಷ್ಯ ಒಂದು ಪಡೆಯನ್ನೇ ಮುಗಿಸುತ್ತಾನೆ, ಎರಡರಲ್ಲೂ ಬಿದ್ದವರಿಗೆ ಹೆಸರಿಲ್ಲ. ಎರಡನೆಯದರಲ್ಲಿ ಕತ್ತರಿಸಿದ ಅಂಗಾಂಗಗಳೂ ರಕ್ತವೂ ಹೆಚ್ಚು. ಅಳತೆ ಇಷ್ಟೇ ಆಗಿದ್ದರೆ ಅದು ಬಹಳ ತೆಳುವಾದ ಅಳತೆ. ಬೇರೆ ಕಾರಣಗಳಿದ್ದರೆ ಪ್ರೇಕ್ಷಕರಿಗೆ ಅವು ತಿಳಿದೇ ಇಲ್ಲ.

ಹಾಗೆಂದು ತಮ್ಮ ಕೈಯಲ್ಲಿ ಬೇರೆ ಅಳತೆ ಇಲ್ಲವೆಂದಲ್ಲ. 1952ರ ಚಲನಚಿತ್ರ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 1991ರ ಡಿಸೆಂಬರ್ 6ರಂದು ಹೊರಡಿಸಿದ ಮಾರ್ಗಸೂಚಿಯನ್ನು ನೋಡಿದರೆ ಅಲ್ಲಿ ರಕ್ತದ ಲೆಕ್ಕವೇ ಇಲ್ಲ. ಹಿಂಸೆಯನ್ನು ವೈಭವೀಕರಿಸಬಾರದು, ಸಮರ್ಥಿಸಬಾರದು ಎಂದು ಅದು ಹೇಳುತ್ತದೆ. ಮುಖ್ಯವಾಗಿ ಮನರಂಜನೆಗೆಂದೇ ಹೆಣೆದ ಹಿಂಸೆಯ ಬಗ್ಗೆ, ನೋಡುವವರ ಮನಸ್ಸನ್ನು ಜಡಗೊಳಿಸುವ ದೃಶ್ಯಗಳ ಬಗ್ಗೆ ಎಚ್ಚರಿಸುತ್ತದೆ. ಚಿತ್ರವನ್ನು ಇಡಿಯಾಗಿ ನೋಡಿ ಅದರ ಒಟ್ಟು ಪರಿಣಾಮದಿಂದ ತೀರ್ಮಾನಿಸಬೇಕೆನ್ನುತ್ತದೆ. ಇದಕ್ಕೂ ಹಿಂದೆ, 1970ರಲ್ಲಿ, ಚಿತ್ರ ನಿರ್ದೇಶಕ ಕೆ.ಎ. ಅಬ್ಬಾಸ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪೂರ್ವಭಾವಿ ಸೆನ್ಸಾರ್‌ಶಿಪ್ಪನ್ನು ಎತ್ತಿಹಿಡಿಯುತ್ತಲೇ, ಕತ್ತರಿಗೆ ಗುರಿಯಾಗಬೇಕಾದದ್ದು ವಸ್ತುವಲ್ಲ, ಅದನ್ನು ನಿರ್ವಹಿಸಿದ ರೀತಿ ಎಂಬರ್ಥದ ಮಾತನ್ನು ಹೇಳಿತ್ತು. ಇವೆರಡನ್ನೂ ಅಕ್ಷರಶಃ ಪಾಲಿಸಿದರೆ ನಮ್ಮ ಅರ್ಧಕ್ಕರ್ಧ ಮಾಸ್ ಚಿತ್ರಗಳು ಡಬ್ಬದಲ್ಲೇ ಉಳಿದಾವು. ಹಾಗಾಗಲೆಂದು ನಾನು ಖಂಡಿತ ಬಯಸುವುದಿಲ್ಲ. ನಿಷೇಧಕ್ಕಾಗಿ ಬರೆದ ಆ ಮಾತುಗಳನ್ನು ವರ್ಗೀಕರಣಕ್ಕೆ ಬಳಸಿಕೊಳ್ಳಿ ಎಂಬುದಷ್ಟೇ ನನ್ನ ಕೋರಿಕೆ.

ರಕ್ತದ ಲೆಕ್ಕ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಒಂದು ಹಳೆಯ, ಹೊರದೇಶದ ನಿದರ್ಶನವಿದೆ. 2003ರಲ್ಲಿ ಬಂದ ಕ್ವೆಂಟಿನ್ ಟ್ಯಾರಂಟಿನೊ ಅವರ ‘ಕಿಲ್ ಬಿಲ್’ ಮೊದಲ ಭಾಗದಲ್ಲಿ, ಮದುವೆಯ ಪೂರ್ವಾಭ್ಯಾಸದ ವೇಳೆ ಗುಂಡೇಟು ತಿಂದು ಬದುಕುಳಿದ ವಧು ಟೋಕಿಯೋದ ಹೋಟೆಲೊಂದರಲ್ಲಿ ಒಂದು ಗ್ಯಾಂಗನ್ನೇ ಕತ್ತಿಯಿಂದ ಕತ್ತರಿಸಿಹಾಕುತ್ತಾಳೆ. ಹಾಂಗ್‌ಕಾಂಗ್ ಪರಂಪರೆಯ ಯುವೆನ್ ವೂ-ಪಿಂಗ್ ಸಂಯೋಜಿಸಿದ ಕಾಳಗವದು, ನೃತ್ಯದಷ್ಟೇ ಲಯಬದ್ಧ. ಅಮೆರಿಕದಲ್ಲಿ ಬಿಡುಗಡೆಯಾದ ಪ್ರತಿಯಲ್ಲಿ ಅದರ ದೊಡ್ಡ ಭಾಗ ಕಪ್ಪು-ಬಿಳುಪಿಗೆ ತಿರುಗಿತು. ಜಪಾನಿನ ಪ್ರತಿಯಲ್ಲಿ ಪೂರ್ತಿ ಬಣ್ಣದಲ್ಲೇ ಉಳಿಯಿತು. ಹಳೆಯ ಸಮರಕಲೆಯ ಚಿತ್ರಗಳಿಗೆ ಸಲ್ಲಿಸಿದ ಗೌರವವೂ ಅದರಲ್ಲಿದೆ, ಆದರೆ ಮುಖ್ಯ ಕಾರಣ ಅಲ್ಲಿನ ವರ್ಗೀಕರಣ ಮಂಡಳಿಯನ್ನು ದಾಟುವುದಾಗಿತ್ತು. ಕಾಳಗದ ಸ್ವರೂಪವೇನೂ ಹೆಚ್ಚು ಬದಲಾಗಲಿಲ್ಲ. ಚಿಮ್ಮುವ ದ್ರವ ಕೆಂಪಗಿದ್ದದ್ದು ಕಪ್ಪಾಯಿತು, ಅಷ್ಟಕ್ಕೇ ದಾರಿ ಸಲೀಸಾಯಿತು. ಪರೀಕ್ಷಕರು ಏನನ್ನು ಎಣಿಸುತ್ತಾರೆಂದು ಗೊತ್ತಿದ್ದ ನಿರ್ದೇಶಕ ಅದನ್ನಷ್ಟೇ ಮರೆಮಾಡಿದ, ಇದರಲ್ಲಿ ಅವನದೇನೂ ತಪ್ಪಿಲ್ಲ.

ನಮ್ಮಲ್ಲಿ ಈ ಕೆಲಸ ಇನ್ನೂ ಸುಲಭವಾಗಿದೆ. ಇಂದಿನ ಚಿತ್ರಗಳಲ್ಲಿ ರಕ್ತದ ಬಹುಭಾಗ ಸೆಟ್ಟಿನಲ್ಲಿ ಚೆಲ್ಲುವುದೇ ಇಲ್ಲ, ಗ್ರಾಫಿಕ್ಸ್ ಮೇಜಿನ ಮೇಲೆ ಸೇರುತ್ತದೆ. ಸೇರಿಸಿದ್ದನ್ನು ಅಲ್ಲಿಯೇ ತೆಗೆಯಬಹುದು, ಮಸುಕು ಮಾಡಬಹುದು, ಬಣ್ಣ ಬದಲಿಸಬಹುದು. ಇರಿತದ ದೃಶ್ಯವನ್ನು ಅರ್ಧದಷ್ಟು ಕಡಿಮೆ ಮಾಡಿ ಎಂಬ ಸೂಚನೆ ಬಂದರೆ ಸಂಕಲನಕಾರ ಕತ್ತಿ ಒಳಹೊಕ್ಕ ಕ್ಷಣವನ್ನೂ ಮುಖ ಕಿವುಚಿಕೊಂಡ ಚೂರನ್ನೂ ತೆಗೆದು, ಬೀಸಿದ ಕೈಯಿಂದ ನೇರವಾಗಿ ಬಿದ್ದ ದೇಹಕ್ಕೆ ಜಿಗಿಯುತ್ತಾನೆ. ಉಳಿಯುವುದು ನಾಯಕನ ಭಂಗಿ, ಸ್ಲೋ ಮೋಷನ್ನು, ಹಿನ್ನೆಲೆಯ ಡ್ರಮ್ಮು. ಹೋಗುವುದು ಏಟು ತಿಂದವನ ಮುಖ. ಹಿಂಸೆಯನ್ನು ತಗ್ಗಿಸಲೆಂದು ಹೊರಟ ಕತ್ತರಿ ಹಿಂಸೆಯಲ್ಲಿ ಅಸಹ್ಯ ಹುಟ್ಟಿಸಬಹುದಾಗಿದ್ದ ಏಕೈಕ ಅಂಶವನ್ನು ತೆಗೆದು, ಆಕರ್ಷಕವಾದದ್ದನ್ನೆಲ್ಲ ಎಳೆಯರಿಗೆ ಉಳಿಸಿಕೊಡುತ್ತದೆ.

ಫೈಟ್ ಮಾಸ್ಟರುಗಳನ್ನು ಕೇಳಿ, ಅವರು ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ತೆರೆಯ ಮೇಲಿನ ಏಟು ಕೊಟ್ಟವನಿಂದ ಹುಟ್ಟುವುದಿಲ್ಲ. ನಾಯಕನ ಮುಷ್ಟಿ ಎದುರಾಳಿಯ ಕೆನ್ನೆಯಿಂದ ಒಂದು ಗೇಣು ದೂರದಲ್ಲೇ ಹಾದುಹೋಗುತ್ತದೆ. ಕ್ಯಾಮೆರಾ ಆ ಅಂತರವನ್ನು ಮುಚ್ಚುತ್ತದೆ. ಮುಂದಿನದ್ದೆಲ್ಲ ಎದುರಿಗಿರುವ ಫೈಟರನ ಕೆಲಸ. ಕತ್ತು ಯಾವ ಕಡೆ ಹೊರಳಬೇಕು, ಮಂಡಿ ಯಾವಾಗ ಕುಸಿಯಬೇಕು, ಉಸಿರು ಎಲ್ಲಿ ಸಿಕ್ಕಿಕೊಳ್ಳಬೇಕು ಎಂಬ ‘ರಿಯಾಕ್ಷನ್’ ಸರಿಯಾಗಿ ಬಿದ್ದರೆ ಮಾತ್ರ ಏಟು ಬಿತ್ತು ಎನ್ನಿಸುತ್ತದೆ. ಅದೇ ಫೈಟರನ ಸೊಂಟಕ್ಕೆ ರೋಪ್ ಕಟ್ಟಿ ಇಪ್ಪತ್ತಡಿ ಹಿಂದಕ್ಕೆ ಎಳೆದರೆ ಆತ ಮನುಷ್ಯನಾಗಿ ಉಳಿಯುವುದಿಲ್ಲ, ನಾಯಕನ ಬಲಕ್ಕೆ ಸಾಕ್ಷಿಯಾಗುತ್ತಾನೆ. ಎರಡೂ ಕಲೆಯೇ, ಎರಡಕ್ಕೂ ಅಪಾರ ಪರಿಶ್ರಮ ಬೇಕು. 2018, 2019 ಮತ್ತು 2022ರ ಚಿತ್ರಗಳಿಗೆ ನೀಡಿದ ಸಾಹಸ ನಿರ್ದೇಶನದ ರಾಷ್ಟ್ರಪ್ರಶಸ್ತಿ ಮೂರು ಬಾರಿಯೂ ಕನ್ನಡ ಚಿತ್ರಗಳಿಗೇ ಸಂದಿದೆ ಎಂಬುದು ನಮಗೆಲ್ಲ ಹೆಮ್ಮೆ. ಆದರೆ ನೋಡುವವನ ಮೇಲೆ ಈ ಎರಡು ಬಗೆಯ ಹೊಡೆತಗಳು ಮಾಡುವ ಪರಿಣಾಮ ಒಂದೇ ಅಲ್ಲ, ಆ ವ್ಯತ್ಯಾಸವನ್ನು ಗುರುತಿಸಬಲ್ಲ ಕಣ್ಣು ಪರಿಶೀಲನಾ ಸಮಿತಿಯಲ್ಲಿ ಬೇಕು. ದೊಡ್ಡ ಆಕ್ಷನ್ ಚಿತ್ರವೊಂದು ಪರಿಶೀಲನೆಗೆ ಬಂದಾಗ, ಆ ಚಿತ್ರಕ್ಕೆ ಸಂಬಂಧವಿಲ್ಲದ ಅನುಭವಿ ಸಾಹಸ ನಿರ್ದೇಶಕರೊಬ್ಬರನ್ನು ಕೂರಿಸಿಕೊಳ್ಳುವುದು ಅಸಾಧ್ಯದ ಮಾತೇನಲ್ಲ.

ಸೇಡಿನ ಕಥೆಯೆಂದರೆ ವೈರಿಯನ್ನು ಹುಲ್ಲುಕಡ್ಡಿಯಂತೆ ಕಾಣಲೇಬೇಕು, ಇಲ್ಲದಿದ್ದರೆ ಜನ ಒಪ್ಪುವುದಿಲ್ಲ ಎಂದು ನಿರ್ಮಾಪಕರು ಹೇಳಬಹುದು. ಕನ್ನಡದವರಿಗೆ ಆ ಮಾತನ್ನು ಹೇಳುವಂತಿಲ್ಲ. ಸಾವಿರ ವರ್ಷದ ಹಿಂದೆ ರನ್ನ ‘ಗದಾಯುದ್ಧ’ವನ್ನು ಬರೆದದ್ದೇ ಸೇಡಿನ ಕಥೆಯಾಗಿ. ಭೀಮನೇ ನಾಯಕ, ಕಾವ್ಯದ ಇನ್ನೊಂದು ಹೆಸರೇ ‘ಸಾಹಸಭೀಮವಿಜಯ’, ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಆ ಭೀಮನೊಡನೆ ಸಮೀಕರಿಸಿದ್ದೂ ಇದೆ. ಇವತ್ತಿನ ಗಾಂಧಿನಗರದ ಮಾತಿನಲ್ಲಿ ಹೇಳುವುದಾದರೆ ಪಕ್ಕಾ ಹೀರೋಗೆಂದೇ ಬರೆದ ಕಥೆ. ಆದರೂ ರನ್ನ ಕೊನೆಯ ಕಾಳಗಕ್ಕೆ ಮೊದಲು ದುರ್ಯೋಧನನನ್ನು ಸಂಜಯನೊಡನೆ ರಣರಂಗದಲ್ಲಿ ನಡೆಸುತ್ತಾನೆ. ಹೆಣಗಳ ನಡುವೆ ಅವನು ದ್ರೋಣನನ್ನು ಕಾಣುತ್ತಾನೆ, ಮಗ ಲಕ್ಷಣಕುಮಾರನನ್ನು, ತಮ್ಮ ದುಶ್ಶಾಸನನನ್ನು, ಗೆಳೆಯ ಕರ್ಣನನ್ನು ಕಂಡು ಗೋಳಿಡುತ್ತಾನೆ. ವೈರಿಯ ಮಗ ಅಭಿಮನ್ಯುವಿನ ದೇಹದೆದುರೂ ನಿಂತು ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ. ನಾಯಕನ ಗೆಲುವಿಗೆ ಇದರಿಂದ ಕುಂದೇನೂ ಬರಲಿಲ್ಲ. ರೈಲಿನ ಬೋಗಿಯಲ್ಲಿ ತೂಗುವ ಹೆಣಗಳನ್ನು ಕಂಡು ಅತ್ತ ದರೋಡೆಕೋರರನ್ನು ನೋಡುವಾಗ ನನಗೆ ನೆನಪಾದದ್ದು ಆ ಭಾಗವೇ, ಹೋಲಿಕೆ ದೊಡ್ಡದಾಯಿತೆಂದು ಪಂಡಿತರು ಬೈದರೂ ಚಿಂತೆಯಿಲ್ಲ.

ಹಾಗಾದರೆ ನೋವನ್ನು ತೋರಿಸಿದ ಚಿತ್ರಗಳೆಲ್ಲ ಒಳ್ಳೆಯವೇ ಎಂದು ತಾವು ಕೇಳಬಹುದು. ಇಲ್ಲ. 2024ರ ಡಿಸೆಂಬರ್ 20ರಂದು ಬಿಡುಗಡೆಯಾಗಿ, ಮುಂದೆ ಕನ್ನಡಕ್ಕೂ ಡಬ್ ಆದ ಮಲಯಾಳಂನ ‘ಮಾರ್ಕೊ’ ಈ ದೃಷ್ಟಿಯಿಂದ ಕಷ್ಟದ ಪ್ರಕರಣ. ಅದಕ್ಕೆ ಸಂಗೀತ ನಮ್ಮ ಕುಂದಾಪುರದ ಕಡೆಯ ರವಿ ಬಸ್ರೂರು ಅವರದು, ‘ಕೆಜಿಎಫ್’ಗೆ ಕೊಟ್ಟ ಅಬ್ಬರವೇ ಇಲ್ಲಿಯೂ ಇದೆ. ಸೋದರನ ಕೊಲೆಗೆ ಸೇಡು ತೀರಿಸಿಕೊಳ್ಳುವ ಈ ಚಿತ್ರದಲ್ಲಿ ಮಕ್ಕಳ ಮೇಲೆ, ಗರ್ಭಿಣಿಯ ಮೇಲೆ ನಡೆಯುವ ಕ್ರೌರ್ಯವನ್ನು ಬಿಡಿಬಿಡಿಯಾಗಿ ತೋರಿಸಲಾಗಿದೆ. ಅಲ್ಲಿ ನೋವಿದೆ, ಆದರೆ ಅದು ಒಂದೇ ಪಕ್ಷದ ನೋವು. ನಾಯಕ ಮುಂದೆ ಮಾಡಲಿರುವ ಕಸಾಯಿ ಕೆಲಸಕ್ಕೆ ನಮ್ಮಿಂದ ಮುಂಗಡವಾಗಿ ಒಪ್ಪಿಗೆ ಪಡೆಯುವ ಸಲುವಾಗಿ ಇಟ್ಟದ್ದು. ಆ ಚಿತ್ರಕ್ಕೆ ‘ಎ’ ಕೊಟ್ಟದ್ದೂ, 2025ರ ಮಾರ್ಚ್‌ನಲ್ಲಿ ಟಿ.ವಿ. ಪ್ರಸಾರಕ್ಕೆ ಮಂಡಳಿ ಒಪ್ಪಿಗೆ ನಿರಾಕರಿಸಿದ್ದೂ ನನಗೆ ಸರಿಯೆನ್ನಿಸಿತು. ಎಷ್ಟು ಕತ್ತರಿಸಿದರೂ ಆ ಚಿತ್ರದ ಮನೋಭಾವ ಬದಲಾಗುವುದಿಲ್ಲ ಎಂಬುದನ್ನು ಆ ತೀರ್ಮಾನ ಒಪ್ಪಿಕೊಂಡಂತಾಯಿತು. ಇದೇ ವಿವೇಚನೆಯನ್ನು ರಕ್ತ ಕಡಿಮೆಯಿರುವ, ಕಾಸು ಹೆಚ್ಚು ತರುವ ಚಿತ್ರಗಳಿಗೂ ಅನ್ವಯಿಸಬೇಕಲ್ಲವೇ?

2023ರ ತಿದ್ದುಪಡಿಯಿಂದಾಗಿ ‘ಯುಎ’ ವರ್ಗ ಈಗ 7+, 13+, 16+ ಎಂದು ಮೂರಾಗಿದೆ. ಒಳ್ಳೆಯದೇ. ಆದರೆ ಈ ಮೂರೂ ಪೋಷಕರಿಗೆ ಕೊಡುವ ಸೂಚನೆಗಳು ಮಾತ್ರ, ಬಾಗಿಲಲ್ಲಿ ತಡೆಯುವ ಅಧಿಕಾರ ‘ಎ’ಗೆ ಮಾತ್ರ. ಸೂಚನೆಯೆಂದಮೇಲೆ ಅದರಲ್ಲಿ ತಿಳಿವಳಿಕೆ ಇರಬೇಕು. ಒಟಿಟಿಯಲ್ಲಿ ಚಿತ್ರ ಶುರುವಾಗುವಾಗ ವಯಸ್ಸಿನ ಜೊತೆಗೆ ಹಿಂಸೆ, ಮಾದಕ ವಸ್ತು, ಭಾಷೆ ಎಂಬಂಥ ವಿವರ ತೋರಿಸಬೇಕೆಂದು 2021ರ ಐ.ಟಿ. ನಿಯಮಗಳು ಹೇಳುತ್ತವೆ. ಚಿತ್ರಮಂದಿರದಲ್ಲಿ ಕೆಲವು ಸೆಕೆಂಡು ಮೂಡಿ ಮರೆಯಾಗುವ ತಮ್ಮ ಪ್ರಮಾಣಪತ್ರದಲ್ಲಿ ಚಿತ್ರದ ಹೆಸರು, ಭಾಷೆ, ವರ್ಗ, ಸಮಿತಿಯ ಸದಸ್ಯರ ಹೆಸರು ಕಾಣುತ್ತವೆ; ಒಂಬತ್ತು ವರ್ಷದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡ ತಾಯಿಗೆ ಬೇಕಾದ ಒಂದು ಸಾಲು ಅಲ್ಲಿಲ್ಲ. ಅಲ್ಲಿದ್ದರೂ ತಡವಾಯಿತು, ಟಿಕೆಟ್ ಹರಿದಾಗಿರುತ್ತದೆ. ಆ ಸಾಲು ಪೋಸ್ಟರಿನ ಮೇಲೂ ಟಿಕೆಟ್ ಕಾಯ್ದಿರಿಸುವ ಆ್ಯಪಿನಲ್ಲೂ ಬರಬೇಕು, ‘ಹಿಂಸೆ ಇದೆ’ ಎಂಬ ಒಂದೇ ಪದದಲ್ಲಿ ಮುಗಿಯಬಾರದು. ‘ದೀರ್ಘ ಹೊಡೆದಾಟಗಳು, ಗಾಯ, ಸಾವುಗಳ ಪರಿಣಾಮವನ್ನು ತೋರಿಸಿಲ್ಲ, ಕೊಲೆಯನ್ನು ಸಂಭ್ರಮಿಸಲಾಗಿದೆ’ ಎಂದು ಬರೆದರೆ ಯಾವ ಅಪ್ಪ ಅಮ್ಮನಿಗೂ ಅರ್ಥವಾಗುತ್ತದೆ. ಹಾಗೆ ಬರೆಸಿಕೊಳ್ಳಲು ಇಷ್ಟವಿಲ್ಲದ ನಿರ್ದೇಶಕ ತನ್ನ ಮುಂದಿನ ಫೈಟಿನಲ್ಲಿ ಬಿದ್ದವನ ಕಡೆಗೆ ಒಂದು ಕ್ಲೋಸಪ್ಪನ್ನಾದರೂ ಉಳಿಸಿಕೊಂಡಾನು.

‘ಎ’ ವರ್ಗದ ಬಾಗಿಲಿನ ವಿಷಯ ಹೆಚ್ಚು ಹೇಳುವುದಿಲ್ಲ. ಅದು ಚಿತ್ರಮಂದಿರಗಳ, ಸ್ಥಳೀಯ ಆಡಳಿತದ ಹೊಣೆ. ಹದಿನೆಂಟು ದಾಟದ ಹುಡುಗರನ್ನು, ಕೆಲವೊಮ್ಮೆ ಅಪ್ಪನ ತೊಡೆಯ ಮೇಲಿನ ಕೂಸನ್ನೂ ‘ಎ’ ಚಿತ್ರದ ರಾತ್ರಿ ಪ್ರದರ್ಶನದಲ್ಲಿ ನಾನು ಕಂಡಿದ್ದೇನೆ, ಬಾಗಿಲಲ್ಲಿ ನಿಂತವರು ಕೇಳಲಿಲ್ಲ. ಆದರೆ ಯಾವ ಕಾರಣಕ್ಕೆ ಈ ಚಿತ್ರ ದೊಡ್ಡವರಿಗೆ ಮಾತ್ರ ಎಂಬುದನ್ನು ತಾವು ಬಹಿರಂಗವಾಗಿ ಹೇಳದಿದ್ದಾಗ, ಆ ಮುದ್ರೆಯನ್ನು ಅಪ್ಪಂದಿರೂ ಬಾಗಿಲು ಕಾಯುವವರೂ ಪ್ರಚಾರದ ತಂತ್ರವೆಂದೇ ಓದುತ್ತಾರೆ. ‘ಅತ್ಯಂತ ಹಿಂಸಾತ್ಮಕ ಚಿತ್ರ’ ಎಂಬುದನ್ನು ಬಿರುದಿನಂತೆ ಧರಿಸಿ ಚಿತ್ರಗಳು ಮಾರಾಟವಾಗುತ್ತಿರುವ ಕಾಲವಿದು.

ನಾನು ಕೇಳಿದ ಯಾವುದಕ್ಕೂ ಕಾಯ್ದೆಯನ್ನು ಮತ್ತೆ ತಿದ್ದಬೇಕಾಗಿಲ್ಲ. ಮಾರ್ಗಸೂಚಿ ಇದೆ, ವರ್ಗಗಳಿವೆ, ಒಟಿಟಿಗೆ ಮಾಡಿದ ಮಾದರಿಯೂ ಸಿದ್ಧವಿದೆ. ಕನ್ನಡದ ಮುಂದಿನ ದೊಡ್ಡ ಆಕ್ಷನ್ ಚಿತ್ರ ಬೆಂಗಳೂರಿನ ಕಚೇರಿಗೆ ಪರಿಶೀಲನೆಗೆ ಬಂದಾಗ ರಕ್ತ ಮಸುಕು ಮಾಡುವ ಸೂಚನೆಗೆ ಬದಲಾಗಿ ಈ ವರ್ಗವನ್ನು ಏಕೆ ಕೊಟ್ಟೆವು ಎಂಬುದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಪ್ರಕಟಿಸಿ. ತಮ್ಮ ತೀರ್ಮಾನವನ್ನು ನಾನು ಒಪ್ಪದೇ ಇರಬಹುದು, ಒಪ್ಪದಿರುವುದಕ್ಕೆ ಕಾರಣವನ್ನಾದರೂ ಆಗ ಸರಿಯಾಗಿ ಬರೆದು ತಿಳಿಸಬಲ್ಲೆ.

ಇತಿ ತಮ್ಮ ವಿಶ್ವಾಸಿ,
ಆಕ್ಷನ್ ಚಿತ್ರಗಳ ಒಬ್ಬ ಖಾಯಂ ಪ್ರೇಕ್ಷಕ
ಬೆಂಗಳೂರು